ನಾಲ್ಕು ಬೆರಳು ಅಕ್ಕಿ

ಮಹಾಕೋಶದ ಮೊದಲ ಸಂಪುಟ ಅಂದು ಸಂಜೆ ಅಚ್ಚಿಗೆ ಹೋಗಬೇಕಿತ್ತು. ಅದನ್ನು ತಡೆದು ನಿಲ್ಲಿಸಿದ್ದು ನಾಲ್ಕು ಬೆರಳಷ್ಟು ಖಾಲಿ ಜಾಗ.

ಮುದ್ರಣಾಲಯದ ಫೋರ್‌ಮನ್ ಬೆಳಗ್ಗೆ ಕೋಶದ ಕಾರ್ಯಾಲಯದ ಬಾಗಿಲು ತೆರೆಯುವುದಕ್ಕೇ ಕಾದಿದ್ದು ಒಳಗೆ ಬಂದು, ಕರಡಚ್ಚಿನ ಹಾಳೆಯನ್ನು ಮೇಜಿನ ಮೇಲೆ ಹರಡಿದ. ಪುಟದ ತುದಿಯಲ್ಲಿ ‘ಅಕ್ಕ’ ಇದ್ದಳು. ಅವಳ ಕೆಳಗೆ ‘ಅಕ್ಕರೆ’ ಇತ್ತು. ‘ಅಕ್ಕಸಾಲಿಗ’ ಅರ್ಧ ಪುಟ ಆಕ್ರಮಿಸಿ ಕುಲುಮೆ ಊದುತ್ತ ಕೂತಿದ್ದ. ಅವನ ಕೆಳಗೆ ದಪ್ಪ ಅಕ್ಷರದಲ್ಲಿ ‘ಅಕ್ಕಿ’ ಎಂದಿತ್ತು, ಅದರ ಮುಂದೆ ಏನೂ ಇರಲಿಲ್ಲ. ಲೋಕದಲ್ಲಿ ಇರುವುದನ್ನೆಲ್ಲ ವಿವರಿಸುತ್ತೇವೆಂದು ಹೊರಟ ಪುಸ್ತಕಕ್ಕೆ ಅಕ್ಕಿಯ ಬಗ್ಗೆ ಹೇಳಲು ಒಂದು ಮಾತೂ ಸಿಕ್ಕಿರಲಿಲ್ಲ.

“ಸಂಜೆ ಯಂತ್ರ ಶುರು ಮಾಡ್ತೀವಿ. ಇದು ತುಂಬಿದ್ರೆ ಇದು, ಇಲ್ಲಾಂದ್ರೆ ಶಾಲೆ ಪುಸ್ತಕ. ಅದು ಒಂದ್ಸಲ ಹತ್ತಿತು ಅಂದ್ರೆ ನಿಮ್ಮ ಸರದಿ ಮತ್ತೆ ಮುಂದಿನ ವರ್ಷವೇ,” ಎಂದು ಫೋರ್‌ಮನ್ ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು ಕಾಲು ಚಾಚಿದ. ಹಾಳೆ ಇಲ್ಲದೆ ಎದ್ದು ಹೋಗುವ ಮನುಷ್ಯ ಅವನಲ್ಲ ಎಂಬುದು ಆ ಕಾಲು ನೋಡಿದರೇ ತಿಳಿಯುತ್ತಿತ್ತು.

ಈ ಮಾತು ಹೇಳಿಸಿಕೊಂಡವನನ್ನು ಕಾರ್ಯಾಲಯದಲ್ಲಿ ಎಲ್ಲರೂ ‘ತಾತ್ಕಾಲಿಕ’ ಎಂದು ಕರೆಯುತ್ತಿದ್ದರು. ಅವನು ಸೇರಿದಾಗ ತಾತ್ಕಾಲಿಕ ಸಹಾಯಕರು ಒಂದು ಕೋಣೆ ತುಂಬ ಇದ್ದರು. ಅವರೆಲ್ಲ ಒಬ್ಬೊಬ್ಬರಾಗಿ ಖಾಯಂ ಆಗಿ ಬೇರೆ ಕೋಣೆಗಳಿಗೆ ಹೋದ ಮೇಲೆ ಇವನೊಬ್ಬ ಉಳಿದ. ಉಳಿದವನು ಒಬ್ಬನೇ ಆದ್ದರಿಂದ ಹೆಸರು ಹಿಡಿದು ಕರೆಯುವ ಅಗತ್ಯ ಯಾರಿಗೂ ಕಾಣಲಿಲ್ಲ.

ಅಲ್ಲಿನ ನಿಯಮ ಹೀಗಿತ್ತು. ಪ್ರತಿ ಸಹಾಯಕನಿಗೂ ಒಂದಷ್ಟು ಪದಗಳ ಹೊಣೆ. ತನ್ನ ಪಾಲಿನ ಕೊನೆಯ ಪದ ಮುಗಿದು ಅಚ್ಚಿಗೆ ಹೋದ ದಿನ ಅವನು ಖಾಯಂ. ‘ಅಂಗಿ’, ‘ಅಂಚೆ’, ‘ಅಂಟು’ ಸಿಕ್ಕವರು ತಲೆಯಲ್ಲಿ ಕಪ್ಪು ಕೂದಲು ಇರುವಾಗಲೇ ಖಾಯಂ ಆಗಿಬಿಟ್ಟರು. ಕೊನೆಗೆ ಬರುವ ‘ಅಹಂಕಾರ’ವನ್ನು ಪ್ರಧಾನ ಸಂಪಾದಕರು ಬೇರೆ ಯಾರಿಗೂ ಕೊಡದೆ ತಾವೇ ಬರೆದರು, ಬಹಳ ಚೆನ್ನಾಗಿಯೂ ಬರೆದರು. ತಾತ್ಕಾಲಿಕನ ಪಾಲಿಗೆ ಬಂದ ಪದಗಳೂ ಒಂದೊಂದಾಗಿ ಮುಗಿದವು. ಅಕ್ಕಿಯೊಂದು ಗಂಟಲಲ್ಲಿ ಸಿಕ್ಕಿಕೊಂಡಿತು.

ಏಕೆಂದರೆ ಇನ್ನೊಂದು ನಿಯಮವೂ ಇತ್ತು: ಒಂದು ಪದ, ಒಂದು ವಿಭಾಗ. ಅಕ್ಕಿ ತಮ್ಮದು ಎಂದು ಆಹಾರ ವಿಭಾಗ ಹೇಳಿತು. ತಮ್ಮದು ಎಂದು ವೈದ್ಯ ವಿಭಾಗ ಹೇಳಿತು. ನಿಮ್ಮಿಬ್ಬರಿಗೂ ನಾಚಿಕೆ ಇಲ್ಲ, ಅದು ನಮ್ಮದು ಎಂದು ಪ್ರಕೃತಿ ವಿಭಾಗ ಹೇಳಿತು. ಮೂವರೂ ಮೂರು ಲೇಖನ ಬರೆದು ತಂದರು. ಒಬ್ಬರದು ಅಚ್ಚಾದರೆ ರಾಜೀನಾಮೆ ಕೊಡುತ್ತೇವೆಂದು ಉಳಿದಿಬ್ಬರು ಹೆದರಿಸಿದರು. ಕೋಶದ ಪುಣ್ಯ ಚೆನ್ನಾಗಿದ್ದರೆ ಯಾರಾದರೂ ಒಬ್ಬರು ಕೊಟ್ಟೇಬಿಡುತ್ತಿದ್ದರು. ಆದರೆ ರಾಜೀನಾಮೆ ಕೊಡುತ್ತೇನೆ ಎನ್ನುವವರು ಕೊಟ್ಟ ಉದಾಹರಣೆ ಆ ಕಟ್ಟಡದಲ್ಲಿ ಇರಲಿಲ್ಲ. ಸಂಪುಟದಲ್ಲಿ ಬಣ್ಣದ ಚಿತ್ರಕ್ಕೆ ಒಂದೇ ಪುಟ ಮಿಕ್ಕಿತ್ತು, ಅದು ಅಕ್ಕಿ ಗೆದ್ದವರಿಗೆ ಸಲ್ಲಬೇಕೆಂದು ಪ್ರಧಾನರು ಬಾಯಿತಪ್ಪಿ ಹೇಳಿಬಿಟ್ಟಿದ್ದು ಉರಿಯುವ ಒಲೆಗೆ ಇನ್ನೊಂದು ಕೊರಡು ಒಟ್ಟಿದಂತಾಗಿತ್ತು.

ಇಷ್ಟು ದಿನ ತಾತ್ಕಾಲಿಕ ಇದನ್ನೆಲ್ಲ ನಗುತ್ತಲೇ ಸಹಿಸಿದ್ದ. ಈಗ ನಗುವ ಹಾಗಿರಲಿಲ್ಲ. ಕಾರ್ಯಾಲಯದ ಹಿತ್ತಿಲಲ್ಲಿ ನೌಕರರಿಗೆಂದು ಕಟ್ಟಿದ ಎರಡು ಕೋಣೆಯ ಮನೆಯೊಂದಿತ್ತು. ಅದರಲ್ಲಿದ್ದ ಹಳೆಯ ಲೆಕ್ಕಿಗರು ನಿವೃತ್ತರಾಗಿ ಸಾಮಾನು ಸಾಗಿಸಿದ್ದರು. ಮನೆಗೆ ಸ್ವಂತ ನಲ್ಲಿ ಇತ್ತು, ನಲ್ಲಿಯಲ್ಲಿ ನೀರೂ ಬರುತ್ತಿತ್ತು. ಮೊದಲ ಸಂಪುಟದ ಜೊತೆ ಯಾರು ಖಾಯಂ ಆಗುತ್ತಾರೋ ಅವರಿಗೆ ಆ ಮನೆ ಎಂದು ಪ್ರಧಾನರು ಘೋಷಿಸಿದ್ದರು.

ತಾತ್ಕಾಲಿಕನ ಸಂಸಾರ ಇದ್ದದ್ದು ಬೇಕರಿಯ ಮೇಲಿನ ಒಂದೇ ಕೋಣೆಯಲ್ಲಿ. ಕೆಳಗೆ ಒಲೆ ಉರಿದರೆ ಮೇಲೆ ನೆಲ ಕಾಯುತ್ತಿತ್ತು. ಅತ್ತೆ ಮಧ್ಯಾಹ್ನ ಮಂಚದಿಂದ ಇಳಿಯುತ್ತಿರಲಿಲ್ಲ, ಮಕ್ಕಳು ಓದುವಾಗ ನಿಂತೇ ಓದುತ್ತಿದ್ದವು. ನೀರಿಗೆ ಬೇಕರಿಯವನ ನಲ್ಲಿಯೇ ಗತಿ. ಹಿಟ್ಟು ಕಲಸಿ ಮುಗಿದ ಮೇಲೆ ಅವನು ಮನಸ್ಸು ಮಾಡಿದರೆ ಉಂಟು. ಅವನ ಮುಂದೆ ಕೊಡ ಹಿಡಿದು ನಿಲ್ಲುವ ಹೆಂಡತಿಯನ್ನು ಕಂಡಾಗಲೆಲ್ಲ ತಾತ್ಕಾಲಿಕನಿಗೆ ನಿಜವಾಗಿಯೂ ಸಂಕಟವಾಗುತ್ತಿತ್ತು. ಅವಳು ಆ ಹಿತ್ತಿಲ ಮನೆಯನ್ನು ಕಿಟಕಿಯಿಂದ ಇಣುಕಿ ನೋಡಿಬಂದಿದ್ದಳು. ಮಂಚ ಎಲ್ಲಿ, ಮಕ್ಕಳ ಮೇಜು ಎಲ್ಲಿ, ಅಮ್ಮನ ಹಾಸಿಗೆ ಎಲ್ಲಿ ಎಂಬುದೆಲ್ಲ ಅವಳ ತಲೆಯಲ್ಲಿ ಆಗಲೇ ಜೋಡಣೆಯಾಗಿತ್ತು.

“ರೀ, ಇವತ್ತೊಂದಿನ ಯಾರ ಜೊತೆಗೂ ವಾದ ಮಾಡ್ಬೇಡಿ. ಯಾರು ಏನಂದ್ರೂ ಹೂಂ ಅನ್ನಿ. ಕೆಲಸ ಆಗ್ಲಿ,” ಎಂದು ಅವಳು ಬೆಳಗ್ಗೆ ಬುದ್ಧಿ ಹೇಳಿ ಕಳಿಸಿದ್ದಳು. ತಾತ್ಕಾಲಿಕ ಆಗಲೇ ಹೂಂ ಅಂದಿದ್ದ.

ಮೊದಲು ಅವನು ಹೋದದ್ದು ಆಹಾರ ವಿಭಾಗಕ್ಕೆ. ಅಲ್ಲಿನ ಸಂಪಾದಕಿಯನ್ನು ಎಲ್ಲರೂ ರುಚಿ ಮೇಡಂ ಎನ್ನುತ್ತಿದ್ದರು. ಲೋಕದ ಯಾವ ಅಡುಗೆಯನ್ನಾದರೂ ತಿಂದು ಅದರಲ್ಲೇನು ಕಡಿಮೆಯಾಗಿದೆ ಎಂದು ಹೇಳಬಲ್ಲ ಹೆಂಗಸು. ಮನೆಯಲ್ಲಿ ಅಡುಗೆ ಅವರ ಯಜಮಾನರು ಮಾಡುತ್ತಿದ್ದರು, ಊಟದ ಹೊತ್ತಿಗೆ ಮೌನವಾಗಿಯೂ ಇರುತ್ತಿದ್ದರು. ಮೇಡಂ ಕೋಣೆಯ ಕಪಾಟಿನಲ್ಲಿ ಪುಸ್ತಕಗಳಿಗಿಂತ ಡಬ್ಬಗಳು ಹೆಚ್ಚು: ಉದ್ದಕ್ಕಿ, ಗಿಡ್ಡಕ್ಕಿ, ಕೆಂಪಕ್ಕಿ, ಕಪ್ಪಕ್ಕಿ, ಮುಷ್ಟಿಯಲ್ಲಿ ಹಿಡಿದರೆ ಪರಿಮಳ ಬರುವ ಅಕ್ಕಿ, ಹಿಡಿಯದಿದ್ದರೂ ವಾಸನೆ ಬರುವ ಅಕ್ಕಿ.

“ಅಕ್ಕಿ ಅಂದ್ರೆ ಅನ್ನ. ಅನ್ನ ಅಂದ್ರೆ ಊಟ. ಇದರಲ್ಲಿ ಡಾಕ್ಟರಿಗೇನ್ ಕೆಲಸ?” ಎಂದು ಮೇಡಂ ಕೇಳಿದರು. ಉಳಿದಿಬ್ಬರೂ ಒಪ್ಪಿಬಿಟ್ಟಿದ್ದಾರೆ, ತಾನೇ ಗೆದ್ದದ್ದು, ಅಲ್ಲವೇ ಎಂದೂ ಕೇಳಿದರು. ಇಲ್ಲ ಎಂದರೆ ಸಂಜೆಯವರೆಗೂ ಅವರ ಮಾತು ಕೇಳಬೇಕಾಗುತ್ತದೆಂದು ತಿಳಿದಿದ್ದ ತಾತ್ಕಾಲಿಕ ಹೂಂ ಅಂದ. ಹಾಗಾದರೆ ಬಣ್ಣದ ಚಿತ್ರ ತೆಗೆಯುವವನು ಇಂದೇ ಬರುತ್ತಾನಲ್ಲ, ಮಧ್ಯಾಹ್ನ ಪಡಸಾಲೆಯಲ್ಲಿ ಅಕ್ಕಿ ಜೋಡಿಸಿ ಇಡುತ್ತೇನೆ ಎಂದರು ಮೇಡಂ. ಅದಕ್ಕೂ ಹೂಂ.

ಹೊರಗೆ ಬಂದಾಗ ಅವನಿಗೆ ಸ್ವಲ್ಪ ಭಯವಾಯಿತು. ಆದರೆ ಹೆಂಡತಿಯ ಉಪಾಯದಿಂದ ಒಬ್ಬರು ಖುಷಿಯಾಗಿದ್ದನ್ನು ಕಣ್ಣಾರೆ ಕಂಡಿದ್ದ. ಇನ್ನಿಬ್ಬರನ್ನೂ ಖುಷಿಪಡಿಸಿದರೆ ಮೂವರೂ ಖುಷಿಯಾದಂತಾಗುವುದಿಲ್ಲವೇ ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ಮೂವರೂ ಒಂದೇ ಕಟ್ಟಡದಲ್ಲಿದ್ದಾರೆ ಎಂಬುದೊಂದನ್ನು ಅದರಲ್ಲಿ ಸೇರಿಸಿರಲಿಲ್ಲ.

ವೈದ್ಯ ವಿಭಾಗದ ನಾಡಿ ಡಾಕ್ಟರು ಬಾಗಿಲು ದಾಟಿದವರ ಮಣಿಕಟ್ಟು ಹಿಡಿದೇ ಮಾತು ಶುರು ಮಾಡುವವರು. ಆಸ್ಪತ್ರೆಯಿಂದ ನಿವೃತ್ತರಾದ ಮೇಲೆ ರೋಗಿಗಳು ಸಿಗದೆ ಕಂಗಾಲಾಗಿದ್ದರು. ತಾತ್ಕಾಲಿಕನ ನಾಡಿ ಹಿಡಿದುಕೊಂಡೇ ಅವರು ಅಕ್ಕಿ ತೊಳೆದ ನೀರಿನ ಗುಣ, ಜ್ವರ ಬಿಟ್ಟವನಿಗೆ ಗಂಜಿಯ ಗುಣ, ನೋವಿದ್ದ ಕಡೆ ಬಿಸಿ ಅಕ್ಕಿಯ ಗಂಟಿನಿಂದ ಶಾಖ ಕೊಡುವ ಗುಣ ಎಲ್ಲ ಹೇಳಿದರು. ಇವೆಲ್ಲ ಇರಲಿ, ನನ್ನ ದೊಡ್ಡ ಸಾಕ್ಷಿ ಬೇರೆಯೇ ಇದೆ ಎಂದು ದನಿ ತಗ್ಗಿಸಿದರು.

“ಕಾಲು ಉಳುಕಿದ್ರೆ ಏನ್ ಮಾಡ್ಬೇಕು? ವಿಶ್ರಾಂತಿ, ಐಸು, ಬಿಗಿಯಾಗಿ ಪಟ್ಟಿ, ಕಾಲು ಮೇಲಕ್ಕೆ. ಈ ನಾಲ್ಕಕ್ಕೂ ಇರೋ ಇಂಗ್ಲಿಷ್ ಪದಗಳ ಮೊದಲಕ್ಷರ ಸೇರಿಸಿ ನೋಡಿ. ರೈಸ್ ಅಂತ ಬರುತ್ತೆ. ಇನ್ನೇನ್ ಬೇಕು ನಿಮಗೆ?”

ಉಳುಕಿದ ಕಾಲಿಗೂ ಅನ್ನದ ತಟ್ಟೆಗೂ ಇದರಿಂದ ಯಾವ ನಂಟು ಬೆಳೆಯಿತೋ ತಾತ್ಕಾಲಿಕನಿಗೆ ಹೊಳೆಯಲಿಲ್ಲ. ಆದರೂ ಹೂಂ ಅಂದ. ಹಾಗಾದರೆ ಚಿತ್ರ ನನ್ನದೇ, ಮಧ್ಯಾಹ್ನ ಪಡಸಾಲೆಗೆ ಬಿಸಿ ಗಂಟು ತರುತ್ತೇನೆ, ಒಬ್ಬ ರೋಗಿಯನ್ನು ಮಾತ್ರ ಎಲ್ಲಿಂದಾದರೂ ಹೊಂದಿಸಬೇಕು ಎಂದರು ಡಾಕ್ಟರು. ತಾತ್ಕಾಲಿಕ ಮತ್ತೊಮ್ಮೆ ಹೂಂ ಅಂದು ಕೈ ಬಿಡಿಸಿಕೊಂಡ.

ಪ್ರಕೃತಿ ವಿಭಾಗದ ಗುಬ್ಬಿ ಮೇಷ್ಟ್ರು ಕಿಟಕಿ ಮುಚ್ಚಲು ಯಾರನ್ನೂ ಬಿಡುತ್ತಿರಲಿಲ್ಲ. ಹಾಗಾಗಿ ಅವರ ಕೋಣೆಯಲ್ಲಿ ಪಾರಿವಾಳಗಳು ಒಂದಷ್ಟು ಖಾಯಂ ಆಗಿದ್ದವು. ಮನುಷ್ಯರ ಬಗ್ಗೆ ಅವರಿಗೆ ಒಳ್ಳೆಯ ಅಭಿಪ್ರಾಯ ಇರಲಿಲ್ಲ. ಬೆಂಕಿಪೊಟ್ಟಣದಲ್ಲಿ ಸಾಕಿದ ಅಕ್ಕಿ ಹುಳು ಒಂದನ್ನು ತೋರಿಸಿ, ನೋಡಿ, ನಿಜವಾದ ಹಕ್ಕುದಾರ ಇವನು, ಇವನ ನಂತರ ಹಕ್ಕಿ, ಹಕ್ಕಿಯ ನಂತರ ಇಲಿ, ಮಿಕ್ಕಿದರೆ ಮನುಷ್ಯ ಎಂದರು. ಅವರ ಲೇಖನವೂ ಹಾಗೆಯೇ ಶುರುವಾಗುತ್ತಿತ್ತು: ‘ಅಕ್ಕಿ ಒಂದು ಜಾತಿಯ ಹುಲ್ಲಿನ ಬೀಜ. ಇದನ್ನು ಮನುಷ್ಯನೂ ತಿನ್ನುತ್ತಾನೆಂಬುದು ಬೀಜದ ದುರದೃಷ್ಟ.’ ಅವರಿಗೂ ಹೂಂ ಎನ್ನುವ ಹೊತ್ತಿಗೆ ತಾತ್ಕಾಲಿಕನ ನಾಲಗೆ ಆ ಒಂದು ಅಕ್ಷರಕ್ಕೆ ಚೆನ್ನಾಗಿ ಒಗ್ಗಿತ್ತು. ಹಕ್ಕಿಗಳು ಅಕ್ಕಿ ತಿನ್ನುವ ಚಿತ್ರವೇ ಆಗಬೇಕು, ಪಡಸಾಲೆಯ ಕಿಟಕಿಗಳನ್ನು ಈಗಲೇ ತೆಗೆಸುತ್ತೇನೆ ಎಂದು ಮೇಷ್ಟ್ರು ಎದ್ದೇ ಹೋದರು.

ಮಧ್ಯಾಹ್ನ ಫೋಟೋದವನು ಬಂದು ಪಡಸಾಲೆಯಲ್ಲಿ ಮೂರು ಕಾಲಿನ ಮೇಲೆ ಕ್ಯಾಮೆರಾ ನಿಲ್ಲಿಸಿದ. ಒಂದು ಬದಿಯಿಂದ ರುಚಿ ಮೇಡಂ ಬಂದರು. ಹಿಂದೆ ಜವಾನ, ಅವನ ಕೈಯಲ್ಲಿ ಬಾಗಿಲಗಲದ ತಟ್ಟೆ, ತಟ್ಟೆಯಲ್ಲಿ ಬಣ್ಣಬಣ್ಣದ ಅಕ್ಕಿಯ ಗುಡ್ಡೆಗಳು. ಇನ್ನೊಂದು ಬದಿಯಿಂದ ನಾಡಿ ಡಾಕ್ಟರು ಹೊಗೆಯಾಡುವ ಬಟ್ಟೆ ಗಂಟನ್ನು ಆ ಕೈಯಿಂದ ಈ ಕೈಗೆ ಎಸೆದುಕೊಳ್ಳುತ್ತ, ರೋಗಿಯನ್ನು ಹುಡುಕುತ್ತ ಬಂದರು. ಗುಬ್ಬಿ ಮೇಷ್ಟ್ರು ಕೊನೆಯ ಕಿಟಕಿಯನ್ನು ತೆಗೆದು ಬಾಯಲ್ಲಿ ಪಾರಿವಾಳದ ದನಿ ಮಾಡುತ್ತ ತಿರುಗಿದರು. ಮೂವರೂ ಒಬ್ಬರನ್ನೊಬ್ಬರು ನೋಡಿದರು. ಸೋತವರು ಗೆದ್ದವರನ್ನು ಅಭಿನಂದಿಸಲು ಬಂದಿರಬೇಕೆಂದು ಒಂದು ಕ್ಷಣ ಮೂವರೂ ಮುಗುಳ್ನಕ್ಕರು.

“ಯಾವ್ದು ತೆಗೀಲಿ?” ಎಂದು ಫೋಟೋದವನು ಕೇಳಿದ.

“ಅಕ್ಕಿದು,” ಎಂದರು ಮೂವರೂ.

ಮೂವರ ಮುಗುಳ್ನಗೆಯೂ ಆಗ ಆರಿತು. ನಿಮಗೆ ಯಾರು ಹೇಳಿದ್ದು ಎಂದು ಮೇಡಂ ಡಾಕ್ಟರನ್ನು ಕೇಳಿದರು. ನಿಮಗೆ ಯಾರು ಹೇಳಿದ್ದು ಎಂದು ಡಾಕ್ಟರು ಮೇಷ್ಟ್ರನ್ನು ಕೇಳಿದರು. ಆಮೇಲೆ ಮೂವರೂ ಒಟ್ಟಿಗೆ ಗೋಡೆಗೆ ಅಂಟಿ ನಿಂತಿದ್ದ ತಾತ್ಕಾಲಿಕನ ಕಡೆಗೆ ತಿರುಗಿದರು.

“ನಮ್ಮೆಲ್ಲರಿಗೂ ಒಪ್ಪಿದೆ ಅಂತ ಹೇಳಿದ್ದು ನೀವೇನಾ?” ಎಂದರು ಮೇಡಂ.

ತಾತ್ಕಾಲಿಕನ ಬಾಯಿಂದ ಅಭ್ಯಾಸಬಲದಿಂದ ಒಂದು ಹೂಂ ಹೊರಟಿತು.

ಮುಂದಿನದೆಲ್ಲ ಬೇಗ ಬೇಗ ನಡೆಯಿತು. ಮೊದಲು ತನ್ನ ಚಿತ್ರ ಎಂದು ಮೇಡಂ ತಟ್ಟೆಯನ್ನು ಕ್ಯಾಮೆರಾದ ಮುಂದಕ್ಕೆ ಎಳೆದರು. ಗಂಟು ಇಡಲು ಜಾಗ ಬೇಕೆಂದು ಡಾಕ್ಟರು ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. ಜವಾನ ಖಾಯಂ ನೌಕರನಾದ್ದರಿಂದ, ಇದು ತನ್ನ ಕೆಲಸವಲ್ಲವೆಂದು ಕೈಬಿಟ್ಟ. ತಟ್ಟೆ ನೆಲಕ್ಕೆ ಬಿದ್ದ ಸದ್ದಿಗೆ ಫೋರ್‌ಮನ್ ಬೆಂಚಿನಿಂದ ಎದ್ದು ನಿಂತ. ಐದು ಬಣ್ಣದ ಅಕ್ಕಿ ನುಣ್ಣನೆಯ ನೆಲದ ಮೇಲೆ ಪಡಸಾಲೆಯ ಉದ್ದಕ್ಕೂ ಹರಿಯಿತು. ಕಿಟಕಿಗಳಲ್ಲಿ ಕಾದು ಕೂತಿದ್ದ ಪಾರಿವಾಳಗಳಿಗೆ ಮೇಷ್ಟ್ರು ಕರೆದದ್ದು ಸುಳ್ಳಲ್ಲವೆಂದು ಗೊತ್ತಾಗಿ ಎಲ್ಲವೂ ಒಟ್ಟಿಗೆ ಒಳಗೆ ಇಳಿದವು.

ತಿನ್ನುವ ಅಕ್ಕಿ ಹೀಗೆ ಹಾಳಾಗುವುದನ್ನು ನೋಡಲಾರದೆ ತಾತ್ಕಾಲಿಕ ಒಬ್ಬನೇ ಅದನ್ನು ಬಳಿಯಲು ಓಡಿದ. ಅವನ ಚಪ್ಪಲಿಯಡಿ ಕಾಳುಗಳು ಉರುಳಿದವು. ಒಂದು ಕಾಲು ಆಹಾರ ವಿಭಾಗದ ಕಡೆಗೂ ಇನ್ನೊಂದು ಕಾಲು ಪ್ರಕೃತಿ ವಿಭಾಗದ ಕಡೆಗೂ ಹೋಗಿ, ಉಳಿದ ಮೈ ವೈದ್ಯ ವಿಭಾಗದ ಬಾಗಿಲಲ್ಲಿ ಬಿತ್ತು. ಅಷ್ಟರಲ್ಲಿ ಫೋಟೋದವನು ಗುಂಡಿ ಒತ್ತಿಬಿಟ್ಟಿದ್ದ. ಸಂಪುಟದ ಪಾಲಿಗೆ ಇದ್ದ ಒಂದೇ ಬಣ್ಣದ ಚಿತ್ರ ಹೀಗೆ ಮುಗಿಯಿತು.

“ಉಳುಕಿದೆ,” ಎಂದರು ಡಾಕ್ಟರು. ಅವರ ಮುಖದಲ್ಲಿ ಅಂಥ ಸಂತೋಷವನ್ನು ನಿವೃತ್ತಿಯ ನಂತರ ಯಾರೂ ಕಂಡಿರಲಿಲ್ಲ.

ತಾತ್ಕಾಲಿಕನನ್ನು ಎತ್ತಿ ದೊಡ್ಡ ಮೇಜಿನ ಮೇಲೆ ಮಲಗಿಸಿದರು. ಬೇಡವೆಂದು ಬಿಟ್ಟ ಲೇಖನಗಳ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿ ಅದರ ಮೇಲೆ ಕಾಲಿಟ್ಟರು. ಪಕ್ಕದ ಹಣ್ಣಿನ ರಸದ ಅಂಗಡಿಯಿಂದ ಐಸು ಬಂತು. ಕಿಟಕಿಯ ಪರದೆ ಹರಿದು ಪಟ್ಟಿ ಬಿಗಿದರು. ನೋಡಿ, ನಾಲ್ಕೂ ಆಯಿತು, ಇದಕ್ಕಿಂತ ದೊಡ್ಡ ನಿದರ್ಶನ ಬೇಕೇ, ಅಕ್ಕಿ ನನ್ನದೇ ಎಂದರು ಡಾಕ್ಟರು. ಹಾಗಾದರೆ ಆ ಬಿಸಿ ಗಂಟನ್ನು ಯಾಕೆ ತಂದಿರಿ, ನಿಮ್ಮ ಲೇಖನದಲ್ಲಿ ಶಾಖ, ಕೈಯಲ್ಲಿ ಐಸು, ಯಾವುದನ್ನು ನಂಬಬೇಕು ಎಂದು ಮೇಡಂ ಕೊಂಕು ತೆಗೆದರು. ಡಾಕ್ಟರಿಗೆ ರೇಗಿತು, ಎರಡೂ ಸರಿ ಎಂದು ತೋರಿಸಲು ಐಸಿನ ಪಕ್ಕದಲ್ಲೇ ಬಿಸಿ ಗಂಟನ್ನೂ ಇಟ್ಟರು. ತಾತ್ಕಾಲಿಕನ ಕಾಲು ಒಂದು ಬದಿ ಮರಗಟ್ಟಿತು, ಇನ್ನೊಂದು ಬದಿ ಸುಟ್ಟಿತು.

ಅವನು ಬಿದ್ದದ್ದು ತನ್ನ ಅಕ್ಕಿಯ ಮೇಲೆ ಎಂದು ಮೇಡಂ ವಾದಿಸಿದರು. ಅವನು ಹಕ್ಕಿಗಳ ಊಟಕ್ಕೆ ಅಡ್ಡ ಹೋಗಿ ಬಿದ್ದ, ಆದ್ದರಿಂದ ಈ ಪತನ ಪ್ರಕೃತಿಗೆ ಸೇರಿದ್ದು ಎಂದು ಮೇಷ್ಟ್ರು ಹೇಳಿದರು. ಅನ್ನ ಎಂದರೆ ಏನೆಂದು ಇವರಿಗೆ ತೋರಿಸಿ ಎಂದು ಮೇಡಂ ತಮ್ಮ ಊಟದ ಡಬ್ಬಿಯಿಂದ ರೋಗಿಯ ಬಾಯಿಗೆ ಚಮಚದಲ್ಲಿ ಗಂಜಿ ಇಟ್ಟರು. ಇದನ್ನು ಕುಡಿಸಬೇಕೋ ಬೇಡವೋ ಹೇಳುವ ಹಕ್ಕು ತನ್ನದು ಎಂದು ಡಾಕ್ಟರು ಚಮಚ ಕಿತ್ತುಕೊಂಡರು. ಒಬ್ಬ ಮನುಷ್ಯನ ಎರಡು ತುದಿಯಲ್ಲಿ ಎರಡು ವಿಭಾಗಗಳು ಕೆಲಸ ಮಾಡುತ್ತಿದ್ದವು. ಮೂರನೆಯದು ಮೇಜಿನ ಅಂಚಿನಲ್ಲಿ ಪಾರಿವಾಳಗಳನ್ನು ಸಾಲಾಗಿ ಕೂರಿಸಿತ್ತು.

ಫೋರ್‌ಮನ್ ಬಾಗಿಲಲ್ಲಿ ತಲೆ ಹಾಕಿ, ತಾನು ಹೊರಡುವ ಹೊತ್ತಾಯಿತೆಂದೂ ಮುದ್ರಣಾಲಯದಲ್ಲಿ ಶಾಲೆ ಪುಸ್ತಕದ ಕಾಗದ ಇಳಿಸುತ್ತಿದ್ದಾರೆಂದೂ ಹೇಳಿದ. ತಾತ್ಕಾಲಿಕನಿಗೆ ಅಳು ಬಂತು. ಕಾಲಿನ ನೋವಿಗಲ್ಲ. ಇನ್ನೊಂದು ವರ್ಷ ಹೆಂಡತಿ ಆ ಬೇಕರಿಯವನ ಮುಂದೆ ಕೊಡ ಹಿಡಿದು ನಿಲ್ಲುವುದು ಕಣ್ಣಿಗೆ ಕಟ್ಟಿತು. ಇವರ ಜಗಳಕ್ಕೂ ತನ್ನ ಮಕ್ಕಳು ನಿಂತು ಓದುವುದಕ್ಕೂ ಏನು ಸಂಬಂಧ ಎಂದು ಅವನಿಗೆ ಸಿಟ್ಟೂ ಬಂತು.

ಮುಖ ತಿರುಗಿಸಿದರೆ ಪಕ್ಕದಲ್ಲೇ ಆ ಕರಡಚ್ಚಿನ ಹಾಳೆ. ಅಕ್ಕಸಾಲಿಗನ ಲೇಖನ ಮುಗಿಯುವಲ್ಲಿ ‘ನೋಡಿ: ಚಿನ್ನ’ ಎಂದಿತ್ತು. ಅದು ಕೋಶದ ಹಳೆಯ ಪದ್ಧತಿ. ಒಂದು ಪದದ ಬಗ್ಗೆ ಹೇಳಬೇಕಾದದ್ದು ಇನ್ನೊಂದು ಪದದ ಕೆಳಗೆ ಬರುವುದಿದ್ದರೆ ಓದುಗನನ್ನು ಅಲ್ಲಿಗೆ ಕಳಿಸುವುದು. ಆ ಇನ್ನೊಂದು ಪದ ಇನ್ನೂ ಬರೆಯದ ಸಂಪುಟದಲ್ಲಿದ್ದರೆ ಓದುಗ ಅಲ್ಲಿಯವರೆಗೆ ತಾಳ್ಮೆಯಿಂದಿರಬೇಕು. ತಾತ್ಕಾಲಿಕನ ತಲೆಯಲ್ಲಿ ದೀಪ ಹತ್ತಿತು. ಜೇಬಿನಿಂದ ಪೆನ್ನು ತೆಗೆದು, ಮಲಗಿದಲ್ಲಿಂದಲೇ ಅಕ್ಕಿಯ ಮುಂದಿನ ಆ ಬಿಳಿ ಜಾಗದಲ್ಲಿ ಬರೆದ: ‘ನೋಡಿ: ಭತ್ತ.’

ಹಾಳೆ ಮೂವರ ಕೈಯಲ್ಲೂ ಹಾದು ಬಂತು. ಭತ್ತ ಬರುವುದು ಭಕಾರದಲ್ಲಿ. ಭಕಾರದ ಸಂಪುಟ ಬರುವುದು ದೇವರು ಮನಸ್ಸು ಮಾಡಿದಾಗ. ಯಾರೂ ಗೆದ್ದಿಲ್ಲ, ಅದಕ್ಕಿಂತ ಮುಖ್ಯವಾಗಿ ಉಳಿದಿಬ್ಬರೂ ಗೆದ್ದಿಲ್ಲ. ಮೂವರ ಮುಖವೂ ನಿಧಾನವಾಗಿ ಅರಳಿತು.

“ಪರವಾಗಿಲ್ವೇ, ನಿಮಗೂ ತಲೆ ಇದೆ,” ಎಂದರು ಮೇಡಂ. ಡಾಕ್ಟರು ನಾಡಿ ಹಿಡಿದು, ಬುದ್ಧಿವಂತರ ನಾಡಿ ಹೀಗೇ ಬಡಿಯುತ್ತದೆ ಎಂದರು. ಒಂದು ಸಾಲು ಬಿಟ್ಟು ಮಿಕ್ಕ ಜಾಗಕ್ಕೆ ಹೂಬಳ್ಳಿಯ ಅಚ್ಚು ಕೂರಿಸುತ್ತೇನೆಂದು ಹೇಳಿ ಫೋರ್‌ಮನ್ ಹಾಳೆ ಮಡಚಿ ಓಡಿದ. ಮೊದಲ ಸಂಪುಟ ಅಚ್ಚಿಗೆ ಹೋಯಿತು.

ತಾತ್ಕಾಲಿಕ ಗೋಡೆ ಹಿಡಿದು ಕುಂಟುತ್ತ ಪ್ರಧಾನ ಸಂಪಾದಕರ ಕೋಣೆಗೆ ಹೋದ. ನೋವು ಮರೆತೇ ಹೋಗಿತ್ತು. ಪ್ರಧಾನರು ಅವನನ್ನು ಎದ್ದು ನಿಂತು ಸ್ವಾಗತಿಸಿ, ಕುರ್ಚಿ ಕೊಡಿಸಿ, ನಿಮ್ಮಂಥವರು ಈ ಸಂಸ್ಥೆಯ ಆಸ್ತಿ ಎಂದು ಹೇಳಿದರು. ಆಸ್ತಿಗೆ ಮನೆ ಕೊಡುವ ಮಾತು ಯಾವಾಗ ಬರುತ್ತದೆಂದು ತಾತ್ಕಾಲಿಕ ಕಾದ. ಬರಲಿಲ್ಲ. ಕೊನೆಗೆ ಅವನೇ ಬಾಯಿಬಿಟ್ಟು, ತನ್ನ ಪದಗಳೆಲ್ಲ ಅಚ್ಚಿಗೆ ಹೋದವಲ್ಲ, ಖಾಯಂ ಆದೇಶ ಇವತ್ತೇ ಸಿಗಬಹುದೇ ಎಂದು ಕೇಳಿದ.

ಪ್ರಧಾನರು ಮುಖ್ಯ ಗುಮಾಸ್ತರ ಕಡೆ ನೋಡಿದರು. ಮುಖ್ಯ ಗುಮಾಸ್ತರು ಕನ್ನಡಕ ಒರೆಸಿಕೊಂಡರು.

“ಉಳಿದ ಪದ ಮುಗಿದಿವೆ. ಅಕ್ಕಿ ಮುಗಿದಿಲ್ವಲ್ಲ,” ಎಂದರು ಗುಮಾಸ್ತರು.

“ಅಚ್ಚಿಗೆ ಹೋಯ್ತಲ್ಲ ಸಾರ್.”

“ಅಚ್ಚಿಗೆ ಹೋಗಿದ್ದು ವಿಳಾಸ. ಪದ ಭತ್ತಕ್ಕೆ ಹೋಗಿದೆ. ನೀವೇ ಕಳ್ಸಿದೀರಿ.”

ಪದ ಎಲ್ಲಿಗೆ ಹೋಗುತ್ತದೋ ಅದರ ಹೊಣೆ ಹೊತ್ತ ಸಹಾಯಕನೂ ಅಲ್ಲಿಗೇ ಹೋಗುತ್ತಾನೆ, ಇದು ಮೊದಲಿನಿಂದ ಬಂದ ಕ್ರಮ, ಭತ್ತ ಮುಗಿದ ದಿನ ನೀವು ಖಾಯಂ, ಅದಕ್ಕೆ ಯಾರ ಅಡ್ಡಿಯೂ ಇಲ್ಲ ಎಂದು ಪ್ರಧಾನರು ಬಹಳ ಪ್ರೀತಿಯಿಂದ ತಿಳಿಸಿ ಹೇಳಿದರು.

“ಭಕಾರ ಯಾವಾಗ ಬರುತ್ತೆ ಸಾರ್?”

“ಅಕಾರ ಬಂತಲ್ರೀ. ಅದೂ ಬರುತ್ತೆ.”

ಅಕಾರವೊಂದಕ್ಕೇ ಇವರಿಗಿಂತ ಮುಂಚಿನ ಮೂವರು ಪ್ರಧಾನರು ನಿವೃತ್ತರಾಗಿದ್ದರು. ಅಲ್ಲಿಂದ ಭಕಾರದವರೆಗೆ ಉಳಿದ ಸ್ವರಗಳೆಲ್ಲ, ವ್ಯಂಜನಗಳಲ್ಲಿ ಬಹುಪಾಲು ಸರತಿಯಲ್ಲಿ ನಿಂತಿದ್ದವು. ತಾತ್ಕಾಲಿಕ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಲೆಕ್ಕ ತನ್ನ ನಿವೃತ್ತಿಯನ್ನು ದಾಟಿ ಮಗಳ ನಿವೃತ್ತಿಯ ಹತ್ತಿರ ಬಂದಾಗ ನಿಲ್ಲಿಸಿದ.

ಅಷ್ಟರಲ್ಲಿ ಬಾಗಿಲು ತೆರೆದು ಮೂರು ವಿಭಾಗದವರೂ ಒಟ್ಟಿಗೆ ಒಳಗೆ ಬಂದರು. ಒಟ್ಟಿಗೆ ಬಂದದ್ದು ಅದೇ ಮೊದಲು. ಭತ್ತದ ಕೆಲಸ ಇಂದಿನಿಂದಲೇ ಶುರು ಮಾಡುತ್ತೇವೆ, ಈ ಸಲ ಅಲಕ್ಷ್ಯ ಮಾಡುವುದಿಲ್ಲ ಎಂದರು. ಅದಕ್ಕೆ ಎಲ್ಲ ತಳಿಯ ಭತ್ತವನ್ನೂ ತರಿಸಬೇಕು, ಇಡಲು ಬೆಚ್ಚಗಿನ ಜಾಗ ಬೇಕು, ಬೀಜ ನೆನೆಸಲು ನೀರಿನ ಅನುಕೂಲವೂ ಇರಬೇಕು. ಹಿತ್ತಿಲ ಮನೆ ಹೇಗೂ ಖಾಲಿ ಇದೆಯಲ್ಲ ಎಂದು ಮೂವರೂ ಒಂದೇ ದನಿಯಲ್ಲಿ ಕೇಳಿದರು. ಅಷ್ಟು ವರ್ಷ ಅವರ ಜಗಳ ಕೇಳಿ ಬೇಸತ್ತಿದ್ದ ಪ್ರಧಾನರಿಗೆ ಈ ಒಗ್ಗಟ್ಟು ನೋಡಿ ಕಣ್ಣು ತುಂಬಿ ಬಂತು. ಅಲ್ಲೇ ಮಂಜೂರು ಮಾಡಿದರು. ಮನೆಯ ಬೀಗದ ಕೈ ಯಾರ ಬಳಿ ಇರಬೇಕು ಎಂಬ ಪ್ರಶ್ನೆ ಬಂದಾಗ ಮಾತ್ರ ಮೂವರೂ ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದರು. ಕೊನೆಗೆ ಪದದ ಹೊಣೆ ಯಾರದೋ ಬೀಗದ ಕೈಯೂ ಅವರದೇ ಎಂದು ತೀರ್ಮಾನವಾಗಿ ಅದು ತಾತ್ಕಾಲಿಕನ ಅಂಗೈಗೆ ಬಂತು. ಅವನು ಹೂಂ ಅನ್ನಲಿಲ್ಲ. ಯಾರೂ ಕಾಯಲೂ ಇಲ್ಲ.

ಬೇಕರಿಯ ಮೆಟ್ಟಿಲನ್ನು ಅವನು ಒಂದೊಂದಾಗಿ ಹತ್ತುವಾಗ ಹೆಂಡತಿ ಮೇಲಿನಿಂದಲೇ ಕಂಡಳು. ಕಾಲಿನ ಪಟ್ಟಿಗಿಂತ ಮೊದಲು ಅವಳಿಗೆ ಕಂಡದ್ದು ಕೈಯಲ್ಲಿದ್ದ ಬೀಗದ ಕೈ. ಅವಳು ಓಡಿ ಬಂದು ಅದನ್ನು ಕಸಿದುಕೊಂಡು, ಅಮ್ಮಾ, ಮನೆ ಸಿಕ್ತು ಎಂದು ಒಳಗೆ ಕೂಗಿ ಹೇಳಿದಳು. ಮಕ್ಕಳು ಕುಣಿದವು. ಅತ್ತೆ ಕಾದ ನೆಲವನ್ನೂ ಮರೆತು ಮಂಚದಿಂದ ಇಳಿದರು. ಕೆಳಗಿನಿಂದ ಬೇಕರಿಯವನು ಕೂಡ ತಲೆಯೆತ್ತಿ, ಹೊರಡ್ತೀರಾ ಹಾಗಾದ್ರೆ, ಒಳ್ಳೇದಾಯ್ತು ಎಂದ. ಆ ಮುಖಗಳನ್ನು ನೋಡುತ್ತ ತಾತ್ಕಾಲಿಕ ಮೆಟ್ಟಿಲ ಮೇಲೇ ಕುಳಿತ. ಅವರ ಖುಷಿ ಸ್ವಲ್ಪ ಹೊತ್ತು ಹಾಗೇ ಇರಲಿ ಎಂದುಕೊಂಡ.

ಹೆಂಡತಿ ಅವನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕುಳಿತು, ಉಳುಕಿದ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಕೊಂಡಳು.

“ಎರಡೂ ಕೋಣೆ ನಮಗೇನಾ ರೀ?”

“ಮುಂದಿನ ಕೋಣೇಲಿ ಭತ್ತ ಇಡ್ತಾರಂತೆ.”

“ಇಡ್ಲಿ ಬಿಡಿ, ಹಿಂದಿನದು ಸಾಕು ನಮಗೆ.”

“ಅದರಲ್ಲೂ ಭತ್ತ.”

ಅವಳು ಕೈಯಲ್ಲಿದ್ದ ಬೀಗದ ಕೈಯನ್ನು ನೋಡಿದಳು, ಗಂಡನ ಮುಖ ನೋಡಿದಳು.

“ಮತ್ತೆ ಈ ಕೈ ನಿಮಗ್ಯಾಕೆ ಕೊಟ್ರು?”

“ದಿನಾ ಬೆಳಗ್ಗೆ ಹೋಗಿ ಬಾಗಿಲಲ್ಲಿ ಕೂರ್ಬೇಕು,” ಎಂದ ತಾತ್ಕಾಲಿಕ. “ಪಾರಿವಾಳ ಒಳಗೆ ಹೋಗದ ಹಾಗೆ.”